ಶಾಲೆಗೆ ಮನೆಗೊಂದಾಳು

ಹಲಸಿನಕೊಪ್ಪಲಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ಟರು ಗುರುಮಲ್ಲಪ್ಪನವರ ಕೈಬರಹ ಬಹಳ ಚೆನ್ನಾಗಿತ್ತು. ಅವರಿಗೆ ಬಂದ ಕಷ್ಟಕ್ಕೆಲ್ಲ ಅದೇ ಮೂಲ. ಅಕ್ಷರ ಕೋಳಿಕಾಲಿನ ಹಾಗಿದ್ದಿದ್ದರೆ ಅವರು ಬರೆದದ್ದನ್ನು ಇಲಾಖೆಯಲ್ಲಿ ಯಾರೂ ಓದುತ್ತಿರಲಿಲ್ಲ. ಉಳಿದ ಮೇಷ್ಟ್ರುಗಳ ಕಾಗದಗಳ ಜೊತೆ ಅದೂ ದಾರ ಕಟ್ಟಿಸಿಕೊಂಡು ಬೀರುವಿನಲ್ಲಿ ಹಾಯಾಗಿ ಮಲಗಿರುತ್ತಿತ್ತು.

ಆ ವರ್ಷ, ಅಂದರೆ ತೊಂಬತ್ತೆಂಟನೇ ಇಸವಿಯಲ್ಲಿ, ಹದಿನಾಲ್ಕು ಕಾಲಮ್ಮಿನ ಒಂದು ನಮೂನೆ ಬಂತು. ಶಾಲೆಯಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು, ಯಾವ ವರ್ಗದವರು ಎಷ್ಟು, ಯಾವ ವಯಸ್ಸಿನವರು ಎಷ್ಟು, ಪಾಸಾದವರು ಎಷ್ಟು, ಎಲ್ಲವನ್ನೂ ತುಂಬಬೇಕು. ಮೇಷ್ಟ್ರು ಗಂಡು ಹತ್ತೊಂಬತ್ತು, ಹೆಣ್ಣು ಹದಿನೈದು, ಒಟ್ಟು ಮೂವತ್ತನಾಲ್ಕು ಎಂದು ಮುತ್ತು ಪೋಣಿಸಿದ ಹಾಗೆ ಬರೆದರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪಾಸು ನೂರಕ್ಕೆ ನೂರು ಎಂದು ಬರೆದರು. ಅದೂ ಸುಳ್ಳಲ್ಲ, ಯಾಕೆಂದರೆ ಅವರು ಯಾರನ್ನೂ ಫೇಲು ಮಾಡಿದವರೇ ಅಲ್ಲ. ಹದಿಮೂರನೇ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. 'ಸರಾಸರಿ ಹಾಜರಾತಿ, ಶೇಕಡಾ' ಎಂದಿತ್ತು ಅಲ್ಲಿ.

ನೂರು ಎಂದು ಬರೆದರೆ ಯಾರೂ ನಂಬುವುದಿಲ್ಲ. ತೊಂಬತ್ತೈದು ಎಂದು ಬರೆದರೆ ಬಾಯಿಗೆ ಬಂದದ್ದನ್ನು ಬರೆದ ಹಾಗಿರುತ್ತದೆ. ತೊಂಬತ್ತಾರು ಎಂದು ಬರೆದರೆ ಯಾರೋ ಕೂತು ಲೆಕ್ಕ ಹಾಕಿದ ಹಾಗಿರುತ್ತದೆ. ಗುರುಮಲ್ಲಪ್ಪನವರು ತೊಂಬತ್ತಾರು ಎಂದು ಬರೆದರು. ಆರರ ಬಾಲವನ್ನು ಸ್ವಲ್ಪ ಉದ್ದಕ್ಕೆ ಎಳೆದು, ದೂರದಿಂದ ನೋಡಿ, ಸಂತೋಷಪಟ್ಟು, ಟಪಾಲಿಗೆ ಹಾಕಿದರು.

ನಿಜ ಸಂಗತಿಯೇ ಬೇರೆ. ಬೆಟ್ಟದಪುರದ ಸುತ್ತಿನ ಊರುಗಳಲ್ಲಿ ಹೊಗೆಸೊಪ್ಪು ಮುರಿಯಲು ಶುರುವಾಯಿತೆಂದರೆ ಶಾಲೆಗಳು ಖಾಲಿ. ದೊಡ್ಡವರು ಹೊಲದಲ್ಲಿ ಎಲೆ ಮುರಿದು ತಂದು ರಾಶಿ ಹಾಕುತ್ತಾರೆ, ಮಕ್ಕಳು ಚಪ್ಪರದಲ್ಲಿ ಕೂತು ಅದನ್ನು ದಾರದಲ್ಲಿ ಕೋಲಿಗೆ ಕಟ್ಟುತ್ತಾರೆ, ಸಂಜೆಯೊಳಗೆ ಕೋಲುಗಳೆಲ್ಲ ಎಲೆ ಬೇಯಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಏರಬೇಕು. ಮಕ್ಕಳ ಬೆರಳು ಸಣ್ಣದು, ಗಂಟು ಬೇಗ ಬೀಳುತ್ತದೆ. ಹಾಗಾಗಿ ಆ ಆಗಸ್ಟ್ ತಿಂಗಳಲ್ಲಿ ಶಾಲೆಗೆ ಬರುತ್ತಿದ್ದವರು ನಾಲ್ಕೇ ಜನ. ಅಂಗಡಿ ವೀರಮ್ಮನ ಮೊಮ್ಮಗಳು ಮಧುಶ್ರೀ, ಅವರಿಗೆ ಜಮೀನಿರಲಿಲ್ಲ. ಧರ್ಮೇಂದ್ರ, ಸೀಬೆಮರದಿಂದ ಬಿದ್ದು ಕೈಗೆ ಪಟ್ಟಿ ಹಾಕಿಸಿಕೊಂಡಿದ್ದ. ಮಿಕ್ಕ ಇಬ್ಬರು ಒಂದನೇ ಕ್ಲಾಸಿನವರು, ಎಲೆ ಕೈಗೆ ಕೊಟ್ಟರೆ ಹರಿದು ಹಾಕುತ್ತಾರೆಂದು ಮನೆಯವರೇ ಓಡಿಸಿದ್ದರು. ಹೊಗೆಸೊಪ್ಪು ಕಟ್ಟಲು ಬಾರದವರಿಗಾಗಿಯೇ ಸರ್ಕಾರ ತೆರೆದ ಸಂಸ್ಥೆಯ ಹಾಗೆ ಕಾಣುತ್ತಿತ್ತು ಆ ಶಾಲೆ.

ಮೂರು ವಾರ ಬಿಟ್ಟು ಇಲಾಖೆಯಿಂದ ಕಾಗದ ಬಂತು. ಅದನ್ನು ಓದಿದ್ದು ಶಾಲೆಯ ಎರಡನೇ ಮೇಷ್ಟ್ರು, ಹುಣಸೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಬೃಂದಾ ಟೀಚರ್. "ತಾಲ್ಲೂಕಿನ ಇತರೆ ಶಾಲೆಗಳು ಹೊಗೆಸೊಪ್ಪಿನ ಹಂಗಾಮಿನಲ್ಲಿ ನಲವತ್ತರ ಆಸುಪಾಸಿನಲ್ಲಿರುವಾಗ ತಮ್ಮ ಶಾಲೆಯು ತೊಂಬತ್ತಾರನ್ನು ಸಾಧಿಸಿರುವುದು ಗಮನಕ್ಕೆ ಬಂದಿದೆ. ಬರುವ ಗುರುವಾರ ಖುದ್ದು ತಪಾಸಣೆ ಮಾಡಲಾಗುವುದು. ಶಾಲೆಯಲ್ಲಿ ಇಪ್ಪತ್ತೈದಕ್ಕಿಂತ ಕಡಿಮೆ ಮಕ್ಕಳು ಹಾಜರಿದ್ದಲ್ಲಿ ಸದರಿ ಶಾಲೆಯನ್ನು ಬೆಟ್ಟದಪುರದ ಶಾಲೆಯಲ್ಲಿ ವಿಲೀನಗೊಳಿಸತಕ್ಕದ್ದು."

"ತೊಂಬತ್ತಾರು ಅಂತ ಯಾಕೆ ಬರೆದ್ರಿ ಸಾರ್?" ಎಂದು ಕೇಳಿದಳು ಬೃಂದಾ ಟೀಚರ್.

"ಬರೆಯುವಾಗ ಚೆನ್ನಾಗಿ ಕಂಡಿತಮ್ಮ."

"ಮೂವತ್ತನಾಲ್ಕರಲ್ಲಿ ನಾಲ್ಕು ಅಂದ್ರೆ ಎಷ್ಟು ಪರ್ಸೆಂಟು ಗೊತ್ತಾ ಸಾರ್? ಹನ್ನೊಂದು ಚಿಲ್ಲರೆ."

"ಅಷ್ಟಾದರೂ ಬರುತ್ತದಲ್ಲ" ಎಂದರು ಮೇಷ್ಟ್ರು. ಅವರಿಗೆ ಏನು ಹೇಳುತ್ತಿದ್ದೇನೆಂದು ತಿಳಿಯುತ್ತಿರಲಿಲ್ಲ.

ಶಾಲೆ ಮುಚ್ಚಿದರೆ ತನ್ನನ್ನು ಎಲ್ಲಿ ಅಂತರಸಂತೆಯ ಕಡೆ ಆನೆಗಳ ನಡುವೆ ಹಾಕುತ್ತಾರೋ ಎಂಬ ಭಯ ಮೇಷ್ಟ್ರಿಗೆ ಇತ್ತು, ಇಲ್ಲವೆಂದು ಹೇಳಲಾಗದು. ಆದರೆ ಅದಕ್ಕಿಂತ ದೊಡ್ಡ ಸಂಕಟ ಬೇರೆ. ಹನ್ನೊಂದು ವರ್ಷದಿಂದ ಅವರು ಆ ಎರಡು ಕೋಣೆಯಲ್ಲಿ ಬದುಕಿದ್ದರು. ಗೋಡೆಯ ಮೇಲಿನ ಕರ್ನಾಟಕದ ನಕ್ಷೆ ಅವರೇ ಬರೆದದ್ದು, ಅದರಲ್ಲಿ ಹಲಸಿನಕೊಪ್ಪಲನ್ನು ಮೈಸೂರಿಗಿಂತ ಸ್ವಲ್ಪ ದೊಡ್ಡದಾಗಿ ತೋರಿಸಿದ್ದರು. ಬೆಟ್ಟದಪುರ ನಾಲ್ಕು ಕಿಲೋಮೀಟರು. ಹದಿನೈದು ಹೆಣ್ಣುಮಕ್ಕಳಲ್ಲಿ ಅಷ್ಟು ದೂರ ನಡೆದು ಓದಲು ಯಾರನ್ನು ಕಳಿಸುತ್ತಾರೆ? ಒಬ್ಬಳನ್ನೂ ಕಳಿಸುವುದಿಲ್ಲ. ಆದರೂ ಕಾಗದದ ವಿಷಯವನ್ನು ಊರಿನವರಿಗೆ ಹೇಳಲಿಲ್ಲ. ಹೇಳಿದರೆ ತೊಂಬತ್ತಾರರ ಕಥೆಯನ್ನೂ ಹೇಳಬೇಕಲ್ಲ ಎಂಬ ನಾಚಿಕೆ.

ಸೋಮವಾರ ಮನೆಮನೆಗೆ ಹೋದರು. ನಾಲ್ಕನೇ ಕ್ಲಾಸಿನ ಪವಿತ್ರಾ ಚಪ್ಪರದಲ್ಲಿ ಅಜ್ಜಿ ಚಿಕ್ಕಬೀರಮ್ಮನ ಪಕ್ಕ ಕೂತು ಎಲೆ ಕಟ್ಟುತ್ತಿದ್ದಳು, ಅಂಟು ಹತ್ತಿ ಎರಡು ಕೈಯೂ ಮೊಣಕೈವರೆಗೆ ಕಪ್ಪಗಾಗಿತ್ತು.

"ಗುರುವಾರ ಒಂದು ದಿನ ಮಗೂನ ಕಳಿಸಿಕೊಡಿ ಅಜ್ಜಿ."

"ಕಳುಸ್ತೀನಿ ಬುಡಿ ಮೇಷ್ಟ್ರೇ, ಸೊಪ್ಪು ಮುಗುದ್ಮೇಲೆ."

"ಸೊಪ್ಪು ಯಾವಾಗ ಮುಗಿಯುತ್ತೆ?"

"ದೀಪಾವಳಿಗೆ."

"ಒಂದೇ ಒಂದು ದಿನ ಅಜ್ಜಿ!"

"ಒಂದಿನ ಬುಟ್ರೆ ಮುರುದ್ ಎಲೆ ಕಂದೋಯ್ತದೆ. ಇಸ್ಕೂಲು ಕಂದೋಯ್ತದಾ? ಅದು ಕಲ್ನಾಗೆ ಕಟ್ಟಿರಾದು, ಇರ್ತದೆ ಬುಡಿ."

ಇರುವುದಿಲ್ಲ ಎಂದು ಹೇಳಲು ಬಾಯಿ ತೆರೆದು, ತೊಂಬತ್ತಾರು ನೆನಪಾಗಿ, ಮೇಷ್ಟ್ರು ಬಾಯಿ ಮುಚ್ಚಿದರು. ಇಪ್ಪತ್ತೆಂಟು ಮನೆಯ ಊರಿನಲ್ಲಿ ಹೋದ ಕಡೆಯೆಲ್ಲ ಇದೇ ಉತ್ತರ. ಎಲ್ಲರೂ ಕಾಫಿ ಕೊಟ್ಟರು, ಮಗುವನ್ನು ಮಾತ್ರ ಕೊಡಲಿಲ್ಲ.

ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಹೋದ ತಿಂಗಳು ಕೆರೆಕಾಲುವೆಯ ಹೂಳು ತೆಗೆಯಬೇಕಾಗಿ ಬಂದಾಗ ಊರಿನ ಯಜಮಾನ ಸಣ್ಣಬೀರಯ್ಯ 'ಮನೆಗೊಂದಾಳು' ಎಂದು ಸಾರಿಸಿದ್ದ. ಬೆಳಗಾಗುವುದರೊಳಗೆ ಇಪ್ಪತ್ತೆಂಟು ಮನೆಯಿಂದ ಇಪ್ಪತ್ತೆಂಟು ಜನ ಹಾಜರು. ತಪ್ಪಿಸಿದ ಮನೆಗೆ ದಂಡ. ಬಡ ಮೇಷ್ಟ್ರು ಬೇಡಿಕೊಂಡರೆ ಯಾರು ಕೇಳುತ್ತಾರೆ? ಊರಿನ ಕಟ್ಟು ಎಂದರೆ ಕೇಳಲೇಬೇಕು. ಬಾಯಲ್ಲಿದ್ದ ನೊರೆಯನ್ನು ಉಗಿದು ನೇರ ಯಜಮಾನನ ಮನೆಗೆ ನಡೆದರು.

ಸಣ್ಣಬೀರಯ್ಯ ಜಗುಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದ. ನಿಧಾನಸ್ಥ, ಎಲ್ಲವನ್ನೂ ಬಿಡಿಸಿ ಕೇಳುವ ಮನುಷ್ಯ.

"ಇಸ್ಕೂಲಿಗೆ ಮನೆಗೊಂದಾಳು ಬೇಕು ಅಂತೀರಿ."

"ಹೌದು ಯಜಮಾನ್ರೇ. ಗುರುವಾರ ಸಾಹೇಬರು ಬರುತ್ತಾರೆ. ನಮ್ಮ ಮರ್ಯಾದೆ ಪ್ರಶ್ನೆ."

"ಎಷ್ಟೊತ್ತಿನ ಕೆಲ್ಸ?"

"ಹತ್ತು ಗಂಟೆಯಿಂದ ನಾಲ್ಕೂವರೆ ತನಕ."

"ಬರೋರು ಸಾಮಾನು ತರ್ಬೇಕಾ?"

ಸ್ಲೇಟು ಪುಸ್ತಕ ಇಲ್ಲದೆ ಬಂದರೆ ಸಾಹೇಬರೆದುರು ಅವಮಾನ ಎಂದುಕೊಂಡು ಮೇಷ್ಟ್ರು, "ಅವರವರ ಸಾಮಾನು ಅವರವರೇ ತರಬೇಕು" ಎಂದರು.

"ಅರೆಯಾಳು ಬಂದ್ರೆ ನಡೀತದಾ?"

ಅರೆಯಾಳು ಎಂದರೆ ಅರ್ಧ ದಿನ ಕೂತು ಎದ್ದು ಹೋಗುವವರಿರಬೇಕೆಂದು ಮೇಷ್ಟ್ರು ತಾವೇ ಅರ್ಥಮಾಡಿಕೊಂಡರು. "ಛೆ ಛೆ, ಅದೆಲ್ಲ ಬೇಡ. ಪೂರ್ತಿ ಆಳೇ ಬರಬೇಕು. ಅರೆಯಾಳು ಕಳಿಸಿದ ಮನೆಗೆ ದಂಡ ಹಾಕಿ" ಎಂದು ಗಟ್ಟಿಯಾಗಿ ಹೇಳಿದರು.

ಸಣ್ಣಬೀರಯ್ಯ ಸ್ವಲ್ಪ ಹೊತ್ತು ಅಗಿದು, "ಕಾಲ್ವೆ ಆದ್ರೆ ಊರ್ದು. ಇಸ್ಕೂಲಾದ್ರೆ ನಿಮ್ದು. ಮುಯ್ಯಿ ತೀರುಸ್ತೀರಾ?" ಎಂದ.

"ತೀರಿಸೋಣ ಬಿಡಿ, ಅದಕ್ಕೇನು!" ಎಂದರು ಮೇಷ್ಟ್ರು. ಅವರ ಮನಸ್ಸು ಆಗಲೇ ಶಾಲೆಯ ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿತ್ತು.

ಆ ಸಂಜೆ ಮುದ್ದಯ್ಯ ತಮಟೆ ಬಡಿದುಕೊಂಡು ಬೀದಿಬೀದಿ ಸಾರಿದ. "ಗುರ್ವಾರ ಇಸ್ಕೂಲಿಗೆ ಮನೆಗೊಂದಾಳು! ಪೂರ್ತಿ ಆಳು! ಅರೆಯಾಳು ಬಂದ್ರೆ ದಂಡ!" ಶಾಲೆಯ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡ ಗುರುಮಲ್ಲಪ್ಪನವರು ಬೃಂದಾ ಟೀಚರ್ ಕಡೆ ತಿರುಗಿ, ಜಿಲ್ಲಾಧಿಕಾರಿಯ ಗತ್ತಿನಲ್ಲಿ, "ಇಪ್ಪತ್ತೆಂಟು ಮನೆ, ಇಪ್ಪತ್ತೆಂಟು ಮಕ್ಕಳು. ಬೇಕಾದದ್ದು ಇಪ್ಪತ್ತೈದು. ಆಡಳಿತ ಅಂದರೆ ಹೀಗೆ ಕಣಮ್ಮ" ಎಂದರು.

ಗುರುವಾರ ಒಂಬತ್ತೂವರೆಗೆ ಮೊದಲು ಬಂದವನು ಚಾಮಯ್ಯ. ವಯಸ್ಸು ಎಪ್ಪತ್ತರ ಮೇಲೆ, ಕಿವಿ ಸ್ವಲ್ಪ ಮಂದ, ಹೆಗಲ ಮೇಲೆ ಗುದ್ದಲಿ. ಮೊಮ್ಮಗ ಕನಕರಾಜುವನ್ನು ಬಿಡಲು ಬಂದಿರಬೇಕೆಂದು ಮೇಷ್ಟ್ರು ಅವನ ಹಿಂದೆ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಆಮೇಲೆ ಮಣ್ಣು ಹೊರುವ ಮಂಕರಿ ಹಿಡಿದು ಚಿಕ್ಕಬೀರಮ್ಮ ಬಂದಳು. ಅವಳ ಹಿಂದೆ ಸನಿಕೆ, ಕುಡುಗೋಲು, ಹಾರೆ ಹಿಡಿದುಕೊಂಡು ಊರಿನ ಮುದುಕರು, ಮುದುಕಿಯರು, ಒಬ್ಬರ ಹಿಂದೊಬ್ಬರು. ಹೊಲದ ಕೆಲಸಕ್ಕೆ ಆಗದವರನ್ನು, ಎಲೆ ಕಟ್ಟುವುದರಲ್ಲಿ ಮಕ್ಕಳಷ್ಟು ಚುರುಕಿಲ್ಲದವರನ್ನು ಮನೆಗೊಬ್ಬರಂತೆ ಆರಿಸಿ ಕಳಿಸಿದ್ದರು. ಹತ್ತು ಗಂಟೆಗೆ ಅಂಗಳ ತುಂಬಿತು. ಆಳುಗಳ ಲೆಕ್ಕ ನೋಡಲು ಸಣ್ಣಬೀರಯ್ಯನೂ ಬಂದು ನಿಂತ.

ಬೃಂದಾ ಟೀಚರ್ ಎಣಿಸಿ, "ಇಪ್ಪತ್ತೆಂಟು ಸಾರ್. ಬೇಕಾದ್ದಕ್ಕಿಂತ ಮೂರು ಜಾಸ್ತಿ" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

"ಯಜಮಾನ್ರೇ, ಮಕ್ಕಳೆಲ್ಲಿ?" ಎಂದರು ಮೇಷ್ಟ್ರು.

"ಮಕ್ಕಳಾ?" ಸಣ್ಣಬೀರಯ್ಯನಿಗೇ ಗಾಬರಿಯಾಯಿತು. "ಅರೆಯಾಳು ಬ್ಯಾಡ, ಪೂರ್ತಿ ಆಳೇ ಬೇಕು ಅಂದೋರು ನೀವೇ ಅಲ್ವ್ರಾ? ಮಕ್ಕಳು ಅರೆಯಾಳು ಕಣ್ರೀ! ನಮ್ಮಪ್ಪನ ಕಾಲದಿಂದ್ಲೂ ಎರಡು ಮಕ್ಕಳು ಸೇರುದ್ರೆ ಒಂದಾಳು."

"ಮಗೀನ ಕಳ್ಸುದ್ರೆ ದಂಡ ಹಾಕ್ತೀರಿ ಅಂತ ನಾನೇ ಬಂದೆ" ಎಂದಳು ಚಿಕ್ಕಬೀರಮ್ಮ. "ಎಲ್ಲಿ ಅಗೀಬೇಕು ತೋರ್ಸಿ, ಬಿಸ್ಲೇರೋಕ್ ಮುಂಚೆ ಮುಗ್ಸುಬುಡವ."

ಎಲ್ಲರೂ ಮನೆಗೆ ಹೋಗಿ ಮಕ್ಕಳನ್ನು ಕಳಿಸಿ ಎಂದು ಹೇಳಲು ಮೇಷ್ಟ್ರು ಎರಡು ಕೈ ಎತ್ತಿದರು. ಅಷ್ಟರಲ್ಲಿ ಬೆಟ್ಟದಪುರದ ದಾರಿಯಲ್ಲಿ ಜೀಪಿನ ಸದ್ದಾಯಿತು. ಆ ಗಳಿಗೆಯಲ್ಲಿ ತಲೆ ನೆಟ್ಟಗಿರುವವನು ಏನು ಮಾಡುತ್ತಿದ್ದನೋ ನಮಗೆ ತಿಳಿಯದು. ಗುರುಮಲ್ಲಪ್ಪನವರು, "ಒಳಗೆ ಹೋಗಿ! ಎಲ್ಲರೂ ಒಳಗೆ ಹೋಗಿ ಸಾಲಾಗಿ ಕೂತ್ಕೊಳ್ಳಿ!" ಎಂದು ಕೂಗಿದರು. ಊರಿನವರು ಗುದ್ದಲಿಗಳನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ಜಾಗ ಸಾಲದೆ ಮಧುಶ್ರೀ, ಧರ್ಮೇಂದ್ರ ಕಿಟಕಿ ಹತ್ತಿದರು.

ತಪಾಸಣೆಗೆ ಬಂದ ಅಧಿಕಾರಿ ಚನ್ನಬಸವಣ್ಣನವರು ಮೂವತ್ತೊಂದು ವರ್ಷ ಸರ್ವೀಸು ಮಾಡಿದವರು. ಅಷ್ಟು ವರ್ಷವೂ ಅವರು ನೋಡಿದ್ದು ಕಾಗದವನ್ನು. ಒಳಗೆ ಬಂದು, ಕುರ್ಚಿಯಲ್ಲಿ ಕೂತು, ತಲೆ ಎತ್ತದೆ ಹಾಜರಿ ಪುಸ್ತಕಕ್ಕೆ ಕೈ ಚಾಚಿದರು.

"ಕನಕರಾಜು."

ಉತ್ತರವಿಲ್ಲ. ಚಿಕ್ಕಬೀರಮ್ಮ ಚಾಮಯ್ಯನ ಪಕ್ಕೆಗೆ ತಿವಿದು, "ಚಾಮಣ್ಣ, ನಿಮ್ಮನೇದು ಕೂಗ್ತಾವ್ರೆ" ಎಂದಳು.

"ಬಂದಿವ್ನಿ ಸ್ವಾಮಿ!" ಎಂದು ಚಾಮಯ್ಯ ಗುಡುಗಿದ. ಮನೆಯ ಹೆಸರಿಗೆ ಮನೆಯ ಆಳು ಓಗೊಡುವುದು ಊರಿನ ಪದ್ಧತಿ.

ಅಧಿಕಾರಿ ಒಂದು ಗುರುತು ಹಾಕಿದರು. "ಪವಿತ್ರಾ."

"ಬಂದಿವ್ನಿ ಬುದ್ಧಿ" ಎಂದಳು ಚಿಕ್ಕಬೀರಮ್ಮ.

"ಗಂಟಲು ಕಟ್ಟಿದೆಯೇನಮ್ಮ? ಮಳೆಯಲ್ಲಿ ನೆನೀಬಾರದು" ಎಂದು ಇನ್ನೊಂದು ಗುರುತು ಹಾಕಿದರು. ಐದನೇ ಹೆಸರಿಗೆ ಯಾರೋ ಓಗೊಡುವ ಮೊದಲು ದೀರ್ಘವಾಗಿ ಕೆಮ್ಮಿ, ಕಿಟಕಿಯಿಂದ ಆಚೆ ಎಲೆಯಡಿಕೆ ಉಗಿದ ಸದ್ದಾಯಿತು. ಆಗ ಅಧಿಕಾರಿ ತಲೆ ಎತ್ತಿದರು.

ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು. ಆಮೇಲೆ ರಿಜಿಸ್ಟರನ್ನು ನೋಡಿದರು. "ಏನ್ರೀ ಇದು ಗುರುಮಲ್ಲಪ್ಪನವರೇ? ಇದರಲ್ಲಿ ವಯಸ್ಸು ಆರರಿಂದ ಹತ್ತು ಅಂತ ಇದೆಯಲ್ರೀ."

"ಅದು... ವಯಸ್ಕರ ಶಿಕ್ಷಣ... ಸಾರ್..."

"ಯಾರ್ ಬುದ್ಧಿ, ಕಲಿಯಾಕ್ ಬಂದಿರಾದು?" ಎಂದು ಚಿಕ್ಕಬೀರಮ್ಮ ಎದ್ದು ನಿಂತಳು. "ನಾವು ಕೆಲ್ಸಕ್ಕೆ ಬಂದಿರಾದು. ಇವ್ರು ಕೂತ್ಕೊಳ್ಳಿ ಅಂದ್ರು, ಕೂತ್ಕೊಂಡೊ."

ಅಧಿಕಾರಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ನಮೂನೆಯನ್ನು ಹಿಡಿದುಕೊಳ್ಳುವುದು ಅವರ ಅಭ್ಯಾಸ. ಹದಿನಾಲ್ಕನೇ ಕಾಲಂ 'ಕಲಿಕೆಯ ಮಟ್ಟ'. ಚಾಪೆಯ ಮೇಲೆ ಯಾರಿದ್ದಾರೋ ಅವರನ್ನೇ ಕೇಳಬೇಕು. ನಾಲ್ಕನೇ ಕ್ಲಾಸಿನ ಗಣಿತ ಪುಸ್ತಕ ತೆರೆದು ಓದಿದರು. "ಒಬ್ಬ ರೈತನ ಬಳಿ ಹನ್ನೆರಡು ಬುಟ್ಟಿ ಮಾವಿನಹಣ್ಣಿವೆ. ಒಂದೊಂದು ಬುಟ್ಟಿಯಲ್ಲಿ ಮೂವತ್ತೈದು. ಒಟ್ಟು ಎಷ್ಟು?"

ಅದನ್ನು ಪಕ್ಕದವನು ಕಿವಿಯಲ್ಲಿ ಕೂಗಿ ಮುಗಿಸುವುದರೊಳಗೆ ಚಾಮಯ್ಯ, "ನಾನೂರಿಪ್ಪತ್ತು" ಎಂದ. "ಕೊಳ್ತದ್ದು ತೆಗ್ದಾ, ತೆಗೀದೇನಾ?"

"ಕೊಳೆತದ್ದರ ವಿಷಯ ಲೆಕ್ಕದಲ್ಲಿಲ್ಲ."

"ಹನ್ನೆರಡು ಪುಟ್ಟಿಲಿ ಒಂದೂ ಕೊಳ್ತಿಲ್ವಾ? ಯಾವೂರ್ ಮಾವು ಸ್ವಾಮಿ ಅದು?"

"ಯಾವೂರಿನದೋ, ಪುಸ್ತಕದ್ದು!"

"ಒಂದ್ ಸಸಿ ಸಿಕ್ತದಾ ಕೇಳಿ" ಎಂದು ಹಿಂದಿನಿಂದ ಒಬ್ಬ ಮುದುಕ ಕೇಳಿದ.

ಕೂಡುವುದು, ಕಳೆಯುವುದು, ಕಾಲು, ಮುಕ್ಕಾಲು, ಏನು ಕೇಳಿದರೂ ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಕೊನೆಯ ಲೆಕ್ಕದಲ್ಲಿ ಅಧಿಕಾರಿಯ ಉತ್ತರವೇ ತಪ್ಪಾಗಿ ಚಿಕ್ಕಬೀರಮ್ಮ ತಿದ್ದಿದಳು. ಓದಲು ಪುಸ್ತಕ ಕೊಟ್ಟರೆ ಇಪ್ಪತ್ತೆಂಟು ಜನವೂ ತಲೆಕೆಳಗಾಗಿ ಹಿಡಿದರು. ಅಧಿಕಾರಿ 'ಗಣಿತ: ಅತ್ಯುತ್ತಮ. ಓದು: ಇಲ್ಲ' ಎಂದು ಬರೆದು, ಬರೆದದ್ದನ್ನು ಬಹಳ ಹೊತ್ತು ನೋಡಿ, ಪೆನ್ನು ಕೆಳಗಿಟ್ಟರು.

"ಗುರುಮಲ್ಲಪ್ಪನವರೇ, ನನಗೆ ತಲೆ ಸುತ್ತುತ್ತಿದೆ. ಈ ಶಾಲೆಯಲ್ಲಿ ಮಕ್ಕಳು ಅಂತ ಇದ್ದಾರೇನ್ರೀ?"

ಕಿಟಕಿಯ ಮೇಲಿದ್ದ ಧರ್ಮೇಂದ್ರ ಪಟ್ಟಿ ಹಾಕಿದ ಕೈಯಿಂದಲೇ ರಸ್ತೆಯ ಆಚೆ ತೋರಿಸಿದ. "ಅಲ್ಲವ್ರೆ ಸಾರ್. ಚಪ್ಪರದಲ್ಲಿ."

ಆ ದಿನ ಸಣ್ಣಬೀರಯ್ಯನ ಬ್ಯಾರನ್ನಿನ ಸರದಿ. ಒಬ್ಬೊಬ್ಬರ ಸರದಿಗೂ ಊರಿನ ಮಕ್ಕಳೆಲ್ಲ ಕೂಡಿ ಎಲೆ ಕಟ್ಟುತ್ತಿದ್ದರು. ಅಧಿಕಾರಿ, ಮೇಷ್ಟ್ರು, ಟೀಚರ್, ಹಿಂದೆ ಇಪ್ಪತ್ತೆಂಟು ಆಳು, ಎಲ್ಲರೂ ರಸ್ತೆ ದಾಟಿ ಚಪ್ಪರಕ್ಕೆ ಬಂದಾಗ ಮೂವತ್ತು ಮಕ್ಕಳು ಕಪ್ಪು ಕೈ ಜೋಡಿಸಿ ಎದ್ದು ನಿಂತು "ನಮಸ್ತೇ ಸಾರ್" ಎಂದರು.

"ಅಲ್ಲಿ ನಾಲ್ಕು, ಇಲ್ಲಿ ಮೂವತ್ತು. ಮೂವತ್ತನಾಲ್ಕಕ್ಕೆ ಮೂವತ್ತನಾಲ್ಕು ಸಾರ್!" ಎಂದರು ಮೇಷ್ಟ್ರು ಆಸೆಯಿಂದ.

"ಕಾಗದದಲ್ಲಿ 'ಶಾಲೆಯಲ್ಲಿ ಹಾಜರಿದ್ದಲ್ಲಿ' ಅಂತ ಇದೆ. 'ಚಪ್ಪರದಲ್ಲಿ' ಅಂತ ಇಲ್ಲ" ಎಂದರು ಅಧಿಕಾರಿ. ಆದರೂ ಓದಿನ ಕಾಲಂ ಖಾಲಿ ಉಳಿಯಬಾರದೆಂದು ಮುಂದೆ ನಿಂತಿದ್ದ ಪವಿತ್ರಾಳನ್ನು ಕರೆದರು. ಪುಸ್ತಕ ಶಾಲೆಯಲ್ಲೇ ಉಳಿದಿತ್ತು. ಚೀಲದಲ್ಲಿ ಸಿಕ್ಕ ಒಂದು ಕಾಗದವನ್ನು ಅವಳೆದುರು ಹಿಡಿದು, "ಇದನ್ನು ಓದು" ಎಂದರು.

ಪವಿತ್ರಾ ಗಂಟಲು ಸರಿಮಾಡಿಕೊಂಡು ದೊಡ್ಡ ದನಿಯಲ್ಲಿ ಓದತೊಡಗಿದಳು. "ಶಾಲೆಯಲ್ಲಿ ಇಪ್ಪತ್ತೈದಕ್ಕಿಂತ ಕಡಿಮೆ ಮಕ್ಕಳು ಹಾಜರಿದ್ದಲ್ಲಿ ಸದರಿ ಶಾಲೆಯನ್ನು ಬೆಟ್ಟದಪುರದ ಶಾಲೆಯಲ್ಲಿ ವಿ... ಲೀನ... ಗೊಳಿಸತಕ್ಕದ್ದು." ಒಂದು ತಪ್ಪಿಲ್ಲದೆ ಓದಿದಳು. ಮೇಷ್ಟ್ರಿಗೆ ಒಂದು ಕ್ಷಣ ಹೆಮ್ಮೆಯಾಯಿತು, ಆಮೇಲೆ ಅವಳು ಓದಿದ್ದೇನೆಂದು ತಿಳಿಯಿತು.

"ಅಂಗಂದ್ರೇನು ಕೂಸೇ?" ಎಂದಳು ಚಿಕ್ಕಬೀರಮ್ಮ.

ಪವಿತ್ರಾ ಕಾಗದವನ್ನು ಮತ್ತೊಮ್ಮೆ ನೋಡಿದಳು. "ನಮ್ ಇಸ್ಕೂಲು ಮುಚ್ತಾರಂತೆ ಕಣಜ್ಜಿ. ನಾವು ಬೆಟ್ಟದಪುರಕ್ಕೆ ಓಗ್ಬೇಕಂತೆ."

ಚಿಕ್ಕಬೀರಮ್ಮ ಮೊಮ್ಮಗಳ ಕಪ್ಪು ಕೈಯನ್ನು ಹಿಡಿದುಕೊಂಡು ಮೇಷ್ಟ್ರ ಕಡೆ ತಿರುಗಿದಳು. "ಈ ಕೂಸು ಅಷ್ಟುದ್ದ ನಡ್ಯದಾ? ಇದ್ನ ಮೊನ್ನೆ ಬಂದಾಗ್ಲೇ ಯಾಕೇಳ್ನಿಲ್ಲ ಮೇಷ್ಟ್ರೇ ನೀವು?"

"ತೊಂಬತ್ತಾರು ಅಂತ ಬರೆದುಬಿಟ್ಟಿದ್ದೆ ಅಜ್ಜಿ" ಎಂದರು ಗುರುಮಲ್ಲಪ್ಪನವರು. ಕಣ್ಣು ನೆಲ ನೋಡುತ್ತಿತ್ತು.

"ಏನ್ ತೊಂಬತ್ತಾರು?"

"ಮಕ್ಕಳು ಬರ್ತಾರೆ ಅಂತ ಸುಳ್ಳು ಬರೆದಿದ್ದೆ. ಹೇಳೋಕೆ ನಾಚಿಕೆಯಾಯ್ತು."

ಅಧಿಕಾರಿ ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ನಮೂನೆ ತಿರುವಿ ನೋಡುತ್ತಿದ್ದರು. ಚಿಕ್ಕಬೀರಮ್ಮ ಅವರನ್ನು ಕಣ್ಣೆತ್ತಿಯೂ ನೋಡದೆ, "ಏಳ್ರವ್ವಾ, ಏಳ್ರಪ್ಪಾ! ಎಲ್ಲಾ ಇಸ್ಕೂಲಿಗೆ ನಡೀರಿ!" ಎಂದು ಮಕ್ಕಳನ್ನು ಎಬ್ಬಿಸಿದಳು.

"ಅಲ್ಲಕ್ಕಾ, ಸೊಪ್ಪು?" ಎಂದ ಸಣ್ಣಬೀರಯ್ಯ. ಎದೆಮಟ್ಟದ ರಾಶಿ ಇನ್ನೂ ಹಾಗೇ ಬಿದ್ದಿತ್ತು. ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. ಮೂವತ್ತು ಮಕ್ಕಳೆಂದರೆ ಹದಿನೈದು ಆಳಿನ ಕೆಲಸ. ಇಪ್ಪತ್ತೆಂಟು ಮುದುಕರಲ್ಲಿ ದಾರ ಕಣ್ಣಿಗೆ ಕಾಣುವವರು ಹನ್ನೆರಡು ಜನ. "ಇನ್ನೂ ಮೂರಾಳು ಬೇಕಲ್ಲ?"

ಎಲ್ಲರೂ ಮೂವರನ್ನು ನೋಡಿದರು. ಮೇಷ್ಟ್ರು ಆಗಲೇ ತೋಳು ಮಡಿಸಿ ಕೂತಿದ್ದರು. ಜೀಪಿನ ಡ್ರೈವರು ಅರಕಲಗೂಡಿನ ಕಡೆಯ ಹೊಗೆಸೊಪ್ಪಿನ ಮನೆಯವನು, ಕರೆಯುವ ಮೊದಲೇ ಬಂದು ಕೂತ. ಉಳಿದವರು ಚನ್ನಬಸವಣ್ಣನವರು.

"ನಾನು ತಪಾಸಣೆಗೆ ಬಂದವನು ಕಣಮ್ಮಾ!"

"ತಪಾಸಣೆ ಕೂತ್ಕೊಂಡೂ ಮಾಡ್ಬೋದು ಬುದ್ಧಿ" ಎಂದಳು ಚಿಕ್ಕಬೀರಮ್ಮ, ಅವರ ಕೈಗೆ ದಾರದ ಉಂಡೆ ಕೊಡುತ್ತಾ. "ಅದು ಕಣ್ಣಿನ್ ಕೆಲ್ಸ. ಕೈ ಖಾಲಿನೇ ಅಲ್ವಾ?"

ಇದಕ್ಕೆ ಉತ್ತರ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಅಧಿಕಾರಿ ಕೂತರು. ಬೃಂದಾ ಟೀಚರ್ ಮಕ್ಕಳನ್ನು ರಸ್ತೆ ದಾಟಿಸಿ, ಗಂಟೆ ಬಾರಿಸಿ, ಹಾಜರಿ ಕೂಗಿದಳು. ಒಬ್ಬೊಬ್ಬರೂ ಶಾಲೆಯ ಜಗುಲಿಗೆ ಬಂದು, ಚಪ್ಪರದ ಕಡೆ ತಿರುಗಿ, "ಹಾಜರ್ ಸಾರ್!" ಎಂದು ಕಿರುಚಿ ಒಳಗೆ ಓಡಿದರು. ಅಧಿಕಾರಿಯ ಬೆರಳುಗಳು ಅಂಟಿನಲ್ಲಿ ಕೂಡಿಕೊಂಡಿದ್ದವು, ಪೆನ್ನು ಹಿಡಿಯಲಾಗಲಿಲ್ಲ. ಚಿಕ್ಕಬೀರಮ್ಮ ಒಂದು ದಾರ ತೆಗೆದುಕೊಂಡು ಒಂದೊಂದು ಕೂಗಿಗೂ ಒಂದೊಂದು ಗಂಟು ಹಾಕುತ್ತಾ ಹೋದಳು. ಇಪ್ಪತ್ತೈದನೇ ಗಂಟು ಬಿದ್ದಾಗ ಗುರುಮಲ್ಲಪ್ಪನವರ ಕಣ್ಣಲ್ಲಿ ನೀರು ಬಂತು. ಹೊಗೆಸೊಪ್ಪಿನ ಘಾಟು ಎಂದರು. ಮೂವತ್ತನಾಲ್ಕು ಗಂಟು ಆದ ಮೇಲೆ ಅವಳು ದಾರವನ್ನು ಅಧಿಕಾರಿಯ ಜೇಬಿಗೆ ಹಾಕಿದಳು.

ತಿಂಗಳ ಕೊನೆಗೆ ಆದೇಶ ಬಂತು. ಶಾಲೆಯನ್ನು ಇದ್ದ ಹಾಗೇ ಮುಂದುವರಿಸತಕ್ಕದ್ದು. ಕೆಳಗೆ ಇನ್ನೊಂದು ಸಾಲಿತ್ತು. "ವರದಿಯೊಂದಿಗೆ ಲಗತ್ತಿಸಿರುವ ದಾರದ ಬಗ್ಗೆ ಸೂಕ್ತ ವಿವರಣೆ ನೀಡುವುದು." ಮೇಷ್ಟ್ರು ತಮ್ಮ ಚೆಂದದ ಅಕ್ಷರದಲ್ಲಿ 'ಹಾಜರಾತಿ' ಎಂದು ಒಂದೇ ಪದ ಬರೆದು ಕಳಿಸಿದರು. ಊರಿನವರೂ ಒಂದು ಕಟ್ಟು ಮಾಡಿದರು. ನಾಲ್ಕೂವರೆಯ ತನಕ ಮಕ್ಕಳು ಶಾಲೆಯ ಕಡೆ, ಆಮೇಲೆ ಚಪ್ಪರದ ಕಡೆ.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಿತೆಂದು ಮೇಷ್ಟ್ರು ಭಾವಿಸಿದ್ದರು. ಆದೇಶ ಬಂದ ದಿನ ಸಂಜೆ ಸಣ್ಣಬೀರಯ್ಯ ಬಂದು ನಿಂತ.

"ಮೇಷ್ಟ್ರೇ, ಮುಯ್ಯಿ."

"ಯಾವ ಮುಯ್ಯಿ?"

"ಇಪ್ಪತ್ತೆಂಟು ಮನೆಯಿಂದ ನೀವು ಇಪ್ಪತ್ತೆಂಟು ಆಳು ತಗಂಡ್ರಿ. ತೀರುಸ್ತೀನಿ ಅಂದಿದ್ರಿ. ನಾವು ಬಂದೊ, ಈಗ ನೀವ್ ಬರ್ಬೇಕು."

ಕೊಟ್ಟ ಮಾತು. ಮಾರನೆಯ ದಿನದಿಂದ ಶಾಲೆ ಬಿಟ್ಟ ಕೂಡಲೇ ಗುರುಮಲ್ಲಪ್ಪನವರು ಮಕ್ಕಳ ಹಿಂದೆ ಚಪ್ಪರಕ್ಕೆ ಹೋಗಿ ಕೂರತೊಡಗಿದರು. ದಿನಕ್ಕೊಂದು ಮನೆ. ಅವರು ಬಂದದ್ದಕ್ಕೆ ಗುರುತು ಹಾಕುವ ಕೆಲಸವನ್ನು ಊರಿನವರು, ಬರೆಯಲು ಬರುತ್ತದೆಂದು, ಪವಿತ್ರಾಳಿಗೆ ಒಪ್ಪಿಸಿದ್ದರು. ಅವಳು ಸಣ್ಣಬೀರಯ್ಯನ ಬ್ಯಾರನ್ನಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ದಿನಾ ಗುರುತು ಹಾಕುತ್ತಿದ್ದಳು.

ಇಪ್ಪತ್ತೆಂಟನೇ ಸಂಜೆ ಸಣ್ಣಬೀರಯ್ಯನ ಚಪ್ಪರದಲ್ಲಿ ಮೇಷ್ಟ್ರು ಕೊನೆಯ ಕೋಲು ಕಟ್ಟಿ, ಬೆನ್ನು ನೆಟ್ಟಗೆ ಮಾಡಿಕೊಂಡು, ನಗುತ್ತಾ ಗೋಡೆಯ ಹತ್ತಿರ ಹೋದರು. ಗೀಟುಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹದಿನಾಲ್ಕೇ ಇದ್ದವು, ಒಂದೊಂದರ ತಲೆಯ ಮೇಲೂ ಒಂದು ಸಣ್ಣ ಚುಕ್ಕೆ.

"ಏನು ಮಗು ಇದು? ಇಪ್ಪತ್ತೆಂಟು ದಿನ ಬಂದಿದ್ದೀನಲ್ಲ!"

"ಔದು ಸಾರ್. ಒಂದಿನಕ್ಕೆ ಗೀಟು, ಮಾರನೇ ದಿನಕ್ಕೆ ಚುಕ್ಕೆ. ಎರಡು ಸೇರುದ್ರೆ ಒಂದಾಳು."

ಮೇಷ್ಟ್ರು ತಾವು ಕಟ್ಟಿದ ಕೋಲನ್ನು ನೋಡಿದರು. ಪವಿತ್ರಾ ಅದನ್ನು ಎತ್ತಿದಳು. ಮೂರು ಎಲೆ ಕಳಚಿ ಕೆಳಗೆ ಬಿದ್ದವು.

"ಏನಾದರೂ ಮಾಡಿ ಪೂರ್ತಿ ಅಂತ ಹಾಕಿಬಿಡು ಮಗು" ಎಂದರು ಗುರುಮಲ್ಲಪ್ಪನವರು ದನಿ ತಗ್ಗಿಸಿ. "ಗೋಡೆ ಮೇಲೆ ನೋಡೋಕೂ ಚೆನ್ನಾಗಿರುತ್ತೆ."

ಪವಿತ್ರಾಳಿಗೆ ನಿಜಕ್ಕೂ ಗೊಂದಲವಾಯಿತು. ಇದ್ದಿಲು ಹಿಡಿದ ಕೈ ಹಾಗೇ ನಿಂತಿತು. ಮೇಷ್ಟ್ರ ಮಾತು ಮೀರಿ ಅಭ್ಯಾಸವಿಲ್ಲದ ಹುಡುಗಿ.

"ಇನ್ನೂ ಬರದೇ ಇರೋ ಆಳ್ನ ಬಂದವ್ನೆ ಅಂತ ಬರೆಯೋದು ಎಂಗೆ ಸಾರ್?" ಎಂದಳು.

ಗುರುಮಲ್ಲಪ್ಪನವರು ಚಪ್ಪರಕ್ಕೆ ವಾಪಸು ಬಂದು, ಬಿದ್ದಿದ್ದ ಮೂರು ಎಲೆಗಳನ್ನು ಎತ್ತಿಕೊಂಡು ಮತ್ತೆ ಕಟ್ಟಲು ಕೂತರು.